ಇ-ಮೇಲ್ ಪತ್ರದಲ್ಲಿ ಗಿರಾಕಿಯ ಹೆಸರು ಮತ್ತು ಲಿಂಕ್: ನೇರ ಮಾರಾಟ ಮಾಡುವ ಬೆಳೆಗಾರರಿಗೆ ಕೆಲವು ವಿಚಾರಗಳು



ನಮ್ಮ ಸದಸ್ಯರಲ್ಲಿ ಕೆಲವರು ಈಚಿನ ವರ್ಷಗಳಲ್ಲಿ ತಮ್ಮ ತೋಟದ ಕಾಫಿಯನ್ನು ತಾವೇ ಹುರಿಸಿ, ಪುಡಿ ಮಾಡಿಸಿ, ಪೊಟ್ಟಣ ಕಟ್ಟಿ ಬೆಂಗಳೂರು, ಮೈಸೂರು, ಮುಂಬಯಿಗಳ ಮನೆಗಳಿಗೆ ನೇರವಾಗಿ ಕಳುಹಿಸುತ್ತಿರುವುದು ಸಂತೋಷದ ಸಂಗತಿ. ಕಾಫಿಯ ಜೊತೆಗೆ ಮೆಣಸು, ಏಲಕ್ಕಿ, ಜೇನು, ಹಾಳೆತಟ್ಟೆಗಳೂ ಹೋಗುತ್ತಿವೆ. ಇಂಥ ಸದಸ್ಯರು ಕಚೇರಿಗೆ ಬಂದಾಗ ಕೇಳುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ. ನೂರಾರು ಗಿರಾಕಿಗಳಿಗೆ ಒಟ್ಟಿಗೆ ಇ-ಮೇಲ್ ಕಳುಹಿಸುವಾಗ ಪ್ರತಿಯೊಬ್ಬರಿಗೂ ಅವರವರ ಹೆಸರೇ ಬರುವಂತೆ, ಪತ್ರದಲ್ಲಿನ ಲಿಂಕ್ ಒತ್ತಿದರೆ ಅವರಿಗೆ ಬೇಕಾದ ಪುಟವೇ ತೆರೆಯುವಂತೆ ಮಾಡುವುದು ಹೇಗೆ? ಅದು ಹೇಗೆಂಬುದನ್ನೂ, ಅದಕ್ಕಿಂತ ಮುಖ್ಯವಾಗಿ ಎಲ್ಲಿ ಕೈ ತಡೆಯಬೇಕೆಂಬುದನ್ನೂ ಇಲ್ಲಿ ವಿವರಿಸಬಯಸುತ್ತೇವೆ.

ಹಿರಿಯ ಸದಸ್ಯರಿಗೆ ನೆನಪಿರುವಂತೆ, 1942ರ ಕಾಫಿ ಕಾಯಿದೆಯ ಆಡಳಿತದಲ್ಲಿ ಬೆಳೆಗಾರನು ತನ್ನ ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ, ಹಣವನ್ನು ಕಂತುಗಳಲ್ಲಿ ಪಡೆಯುತ್ತಿದ್ದನು. 1990ರ ದಶಕದಲ್ಲಿ ಹಂತಹಂತವಾಗಿ ಈ ವ್ಯವಸ್ಥೆ ಸಡಿಲವಾಗಿ 1996ರಲ್ಲಿ ಮಾರಾಟ ಪೂರ್ಣವಾಗಿ ಮುಕ್ತವಾಯಿತು. ಮುಕ್ತವಾದ ಮೇಲೂ ನಮ್ಮಲ್ಲಿ ಹೆಚ್ಚಿನವರು ಮಾರಿದ್ದು ವ್ಯಾಪಾರಿಗೆ ಅಥವಾ ಕ್ಯೂರಿಂಗ್ ವರ್ಕ್ಸ್‌ಗೆ. ಹೀಗಾಗಿ ತನ್ನ ಕಾಫಿ ಯಾರ ಮನೆಯ ಫಿಲ್ಟರಿನಲ್ಲಿ ಇಳಿಯುತ್ತಿದೆಯೆಂದು ಸಣ್ಣ ಬೆಳೆಗಾರನಿಗೆ ಎರಡು ತಲೆಮಾರು ಗೊತ್ತೇ ಇರಲಿಲ್ಲ. ಈಗ ಒಬ್ಬ ಗೃಹಿಣಿ ತನ್ನ ಹೆಸರು, ವಿಳಾಸ, ಫೋನ್ ನಂಬರು ಬರೆದು ಕೊಟ್ಟು, ಹಣ ಮುಂಗಡ ಕಳುಹಿಸಿ ನಮ್ಮ ಪುಡಿಗೆ ಕಾಯುತ್ತಾಳೆ. ಈ ಗಿರಾಕಿಗಳ ಪಟ್ಟಿ ನೇರ ಮಾರಾಟ ಮಾಡುವವನ ನಿಜವಾದ ಬಂಡವಾಳ. ಯಂತ್ರ ಕೆಟ್ಟರೆ ರಿಪೇರಿಯಾದೀತು, ಒಂದು ವರ್ಷದ ಫಸಲು ಹೋದರೆ ಮುಂದಿನ ವರ್ಷ ಬಂದೀತು, ಪಟ್ಟಿಯಲ್ಲಿರುವವರ ವಿಶ್ವಾಸ ಹೋದರೆ ಪಟ್ಟಿ ಬರೀ ಕಾಗದ.

ಚುಕ್ಕಿಗೆರೆಯ ನೋಟೀಸು

ವಾರ್ಷಿಕ ಮಹಾಸಭೆಯ ನೋಟೀಸನ್ನು ಎಲ್ಲರೂ ನೋಡಿದ್ದೀರಿ. ಒಕ್ಕಣೆ ಎಲ್ಲರಿಗೂ ಒಂದೇ. ಹೆಸರು ಮತ್ತು ಸದಸ್ಯತ್ವದ ಸಂಖ್ಯೆಯ ಜಾಗದಲ್ಲಿ ಚುಕ್ಕಿಗೆರೆ. ಗುಮಾಸ್ತರು ರಿಜಿಸ್ಟರು ನೋಡಿ ಅದನ್ನು ತುಂಬಿಸುತ್ತಾರೆ. ಇ-ಮೇಲಿನಲ್ಲಿ ಹೆಸರು ಬರಿಸುವುದೂ ಇದೇ ಕೆಲಸ. ಒಂದು ಎಕ್ಸೆಲ್ ಹಾಳೆ ರಿಜಿಸ್ಟರಾಗುತ್ತದೆ, ಒಂದು ಪತ್ರ ನೋಟೀಸಾಗುತ್ತದೆ, ಚುಕ್ಕಿಗೆರೆ ತುಂಬುವ ಕೆಲಸವನ್ನು ಯಂತ್ರ ಮಾಡುತ್ತದೆ. ಇದಕ್ಕೆ ಮೇಲ್ ಮರ್ಜ್ ಎಂದು ಹೆಸರು. ವರ್ಡ್ ತಂತ್ರಾಂಶದಲ್ಲೂ ಇದೆ, ಇ-ಮೇಲ್ ಕಳುಹಿಸಿಕೊಡುವ ಸೇವೆಗಳಲ್ಲೂ ಇದೆ. ಕಂಪ್ಯೂಟರ್ ಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಒಂದು ಮಧ್ಯಾಹ್ನದಲ್ಲಿ ಕಲಿಸಿಕೊಡುತ್ತಾರೆ.

ಯಂತ್ರ ತಾನಾಗಿ ಯೋಚಿಸುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ರಿಜಿಸ್ಟರಿನಲ್ಲಿ ಹೆಸರಿನ ಮನೆ ಖಾಲಿಯಿದ್ದರೆ ಪತ್ರವೂ ‘ಪ್ರಿಯ’ ಎಂದು ಹೇಳಿ ಅಲ್ಪವಿರಾಮ ಹಾಕಿ ಮುಂದೆ ಹೋಗುತ್ತದೆ. ಆದ್ದರಿಂದ ಹೆಸರಿಲ್ಲದ ಕಡೆ ‘ಗ್ರಾಹಕರೇ’ ಎಂದು ಬರುವಂತೆ ಮೊದಲೇ ಏರ್ಪಾಟು ಮಾಡಿರಬೇಕು. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಹಾಳೆಯಲ್ಲಿ ಹೆಸರುಗಳ ಕಂಬಸಾಲನ್ನು ಮಾತ್ರ ಅಕಾರಾದಿಯಾಗಿ ಜೋಡಿಸಿ, ಇ-ಮೇಲ್ ವಿಳಾಸದ ಕಂಬಸಾಲನ್ನು ಇದ್ದಲ್ಲೇ ಬಿಡುವುದು. ಆಗ ಪ್ರತಿಯೊಬ್ಬರಿಗೂ ಇನ್ನೊಬ್ಬರ ಹೆಸರಿನ ಪತ್ರ, ಇನ್ನೊಬ್ಬರ ಲೆಕ್ಕ ಹೋಗುತ್ತದೆ. ಜೋಡಿಸುವುದಾದರೆ ಇಡೀ ಹಾಳೆಯನ್ನು ಹಿಡಿದು ಜೋಡಿಸತಕ್ಕದ್ದು.

ಬೋರ್ಡೋ ದ್ರಾವಣ ಕಲೆಸಿದ ಮೇಲೆ ಉಜ್ಜಿದ ಚಾಕುವನ್ನು ಅದ್ದಿ ನೋಡದೆ ಯಾರೂ ಸಿಂಪಡಣೆಗೆ ಇಳಿಯುವುದಿಲ್ಲ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಹಾಗೆಯೇ ಪತ್ರವನ್ನು ಎಲ್ಲರಿಗೂ ಬಿಡುವ ಮೊದಲು ಮನೆಯವರ ಮೂರು ನಾಲ್ಕು ವಿಳಾಸಗಳಿಗೆ ಕಳುಹಿಸಿ, ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ತೆರೆದು ನೋಡಬೇಕು. ಆ ಪರೀಕ್ಷೆಯ ಪಟ್ಟಿಯಲ್ಲಿ ಬೇಕೆಂದೇ ಒಂದು ಹೆಸರನ್ನು ಖಾಲಿ ಬಿಡಿ, ಒಂದನ್ನು ಕನ್ನಡದಲ್ಲಿ, ಒಂದನ್ನು ಇಂಗ್ಲಿಷಿನಲ್ಲಿ ಬರೆಯಿರಿ.

ಹೆಸರು ಕರೆಯುವ ರೀತಿ

ಇಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ತೊಡಕಿದೆ. ಇಂಗ್ಲಿಷಿನಲ್ಲಿ ಹೆಸರನ್ನು ಎಲ್ಲಿ ಕೂರಿಸಿದರೂ ಅದರ ರೂಪ ಬದಲಾಗುವುದಿಲ್ಲ. ನಮ್ಮಲ್ಲಿ ವಿಭಕ್ತಿ ಹತ್ತಿದೊಡನೆ ಹೆಸರು ಬಾಗುತ್ತದೆ: ರಮೇಶನಿಗೆ, ಲಕ್ಷ್ಮಿಗೆ, ಮಂಜುವಿಗೆ, ಸೀತಮ್ಮನವರಿಗೆ. ಚುಕ್ಕಿಗೆರೆಯ ಮುಂದೆ ‘ಗೆ’ ಎಂದು ಅಂಟಿಸಿಬಿಟ್ಟರೆ ಯಂತ್ರವು ‘ರಮೇಶಗೆ’, ‘ಸೀತಮ್ಮಗೆ’ ಎಂದು ಬರೆಯುತ್ತದೆ. ಧಾರವಾಡದ ಕಡೆಯ ಮಾತಿನಲ್ಲಿ ಇದು ನಡೆದೀತು, ಪತ್ರಕ್ಕೆ ಒಪ್ಪುವುದಿಲ್ಲ. ಸುಲಭವಾದ ದಾರಿಯೆಂದರೆ ಹೆಸರನ್ನು ಒಂಟಿಯಾಗಿ ನಿಲ್ಲಿಸಿ, ಪಕ್ಕದಲ್ಲಿ ‘ಅವರಿಗೆ’, ‘ಅವರೇ’ ಎಂದು ಬಿಡಿಯಾಗಿ ಬರೆಯುವುದು. ‘ರಮೇಶ ಅವರೇ’, ‘ಲಕ್ಷ್ಮಿ ಅವರೇ’, ‘ಸೀತಮ್ಮ ಅವರಿಗೆ’ ಎಲ್ಲವೂ ಸರಿಹೋಗುತ್ತವೆ, ಗೌರವವೂ ಉಳಿಯುತ್ತದೆ. ಬರಿಯ ಹೆಸರು ಹಿಡಿದು ಕೂಗುವುದು ಬೇರೆ ದೇಶದ ಪತ್ರಗಳಿಗೆ ಸರಿಯಿರಬಹುದು. ಎಪ್ಪತ್ತು ವರ್ಷದ ಗಿರಾಕಿಗೆ ನಾವು ಹಾಗೆ ಬರೆಯಲಾರೆವು. ಹಾಗೆಂದು ರಾಯರೇ, ಗೌಡರೇ, ಶೆಟ್ಟರೇ ಎಂದು ಊಹಿಸಿ ಸೇರಿಸುವುದೂ ಬೇಡ. ಶ್ರೀ, ಶ್ರೀಮತಿ ಎಂಬುದನ್ನೂ ಅವರೇ ಬರೆದುಕೊಟ್ಟಿದ್ದರೆ ಮಾತ್ರ ಹಾಕಬೇಕು.

ಎರಡನೆಯ ತೊಡಕು ಇನಿಷಿಯಲ್‌ನದು. ತಂತ್ರಾಂಶಗಳು ಬಹುಮಟ್ಟಿಗೆ ಮೊದಲ ಪದವನ್ನೇ ಹೆಸರೆಂದು ಹಿಡಿಯುತ್ತವೆ. ನಮ್ಮವರಲ್ಲಿ ಮೊದಲು ಬರುವುದು ಊರಿನದೋ ತಂದೆಯದೋ ಅಕ್ಷರ. ಕೊಡಗಿನವರಲ್ಲಿ ಮನೆತನದ ಹೆಸರು ಮುಂದೆ ಬರುವುದುಂಟು. ಪರಿಣಾಮವಾಗಿ ‘ನಮಸ್ಕಾರ ಕೆ. ಅವರೇ’ ಎಂಬ ಪತ್ರ ಹೋಗುತ್ತದೆ. ಎಕ್ಸೆಲ್ ಹಾಳೆಯಲ್ಲಿ ಪೂರ್ಣ ಹೆಸರಿನ ಪಕ್ಕದಲ್ಲಿ ‘ಕರೆಯುವ ಹೆಸರು’ ಎಂದು ಇನ್ನೊಂದು ಕಂಬಸಾಲು ಮಾಡಿ, ಅದನ್ನು ಕೈಯಿಂದಲೇ ತುಂಬಿ. ಮುನ್ನೂರು ಗಿರಾಕಿಗಳಿದ್ದರೆ ಎರಡು ಸಂಜೆಯ ಕೆಲಸ. ಗಿರಾಕಿ ತನ್ನ ಹೆಸರನ್ನು ಯಾವ ಲಿಪಿಯಲ್ಲಿ, ಯಾವ ಕಾಗುಣಿತದಲ್ಲಿ ಬರೆದುಕೊಂಡಿದ್ದಾರೋ ಹಾಗೆಯೇ ಇಡಿ.

ಪತ್ರದ ಆರಂಭದಲ್ಲಿ ಒಮ್ಮೆ ಹೆಸರು ಬಂದರೆ ಸಾಕು. ಪ್ರತಿ ಪ್ಯಾರಾದಲ್ಲೂ ಹೆಸರು ಕರೆಯುವ ಪತ್ರ, ಅಂಗಡಿಯಲ್ಲಿ ಬೆನ್ನು ಬಿಡದೆ ಹಿಂದೆ ಬರುವ ಹುಡುಗನಂತೆ ಕಿರಿಕಿರಿ. ವಿಷಯದ ಸಾಲಿನಲ್ಲಿ ಹೆಸರು ಹಾಕುವುದನ್ನು ಈಗ ಮೋಸಗಾರರೇ ಹೆಚ್ಚಾಗಿ ಮಾಡುತ್ತಿರುವುದರಿಂದ ಅದನ್ನಂತೂ ಬಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಲಿಂಕಿನ ಒಳಗೇನಿದೆ

ಇನ್ನು ಲಿಂಕ್. ಅದನ್ನು ಹೆಚ್ಚಿನವರು ಒತ್ತುತ್ತಾರೆಯೇ ಹೊರತು ಓದುವುದಿಲ್ಲ. ಒಂದು ಮಾದರಿಯನ್ನು ನೋಡೋಣ. ವಾಸ್ತವದಲ್ಲಿ ಇದು ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ತಿಳಿವಳಿಕೆಗಾಗಿ ಕನ್ನಡದಲ್ಲಿ ಬರೆದಿದ್ದೇವೆ.

ನಮ್ಮತೋಟ.ಉದಾಹರಣೆ/ಪುಡಿ?ಮೂಲ=ಇಮೇಲ್&ಪತ್ರ=ಹೂಮಳೆ&ಗುರುತು=4721

ಪ್ರಶ್ನಾರ್ಥಕ ಚಿಹ್ನೆಯ ಹಿಂದಿನದು ವಿಳಾಸ: ಯಾವ ಅಂಗಡಿ, ಅದರಲ್ಲಿ ಯಾವ ಪುಟ. ಚಿಹ್ನೆಯ ಮುಂದಿನದು ಆ ಪುಟಕ್ಕೆ ನಾವು ಕೊಟ್ಟು ಕಳುಹಿಸುವ ಚೀಟಿ. ಚೀಟಿಯಲ್ಲಿ ಜೋಡಿಜೋಡಿಯಾಗಿ ಮಾಹಿತಿ ಇರುತ್ತದೆ. ಸಮಚಿಹ್ನೆಯ ಎಡಗಡೆ ಶೀರ್ಷಿಕೆ, ಬಲಗಡೆ ಉತ್ತರ. ಜೋಡಿಗಳ ನಡುವೆ ‘ಮತ್ತು’ ಎಂಬರ್ಥದ ಗುರುತು. ಮೇಲಿನ ಚೀಟಿ ಹೇಳುವುದಿಷ್ಟು: ಈ ಮನುಷ್ಯ ಬಂದದ್ದು ಇ-ಮೇಲಿನಿಂದ, ಹೂಮಳೆಯ ಸಮಯದಲ್ಲಿ ಬರೆದ ಪತ್ರದಿಂದ, ನಮ್ಮ ರಿಜಿಸ್ಟರಿನಲ್ಲಿ ಈತನ ಸಂಖ್ಯೆ 4721.

ಮೊದಲ ಎರಡು ಜೋಡಿಗಳು ನಿರಪಾಯಕಾರಿ, ಬಹಳ ಉಪಯುಕ್ತ. ಯಾವ ಪತ್ರದಿಂದ ಎಷ್ಟು ಆರ್ಡರು ಬಂತು, ವಾಟ್ಸ್ಯಾಪಿನಿಂದ ಎಷ್ಟು, ಪೊಟ್ಟಣದ ಮೇಲಿನ ಚೌಕುಳಿ ಚಿತ್ರದಿಂದ ಎಷ್ಟು ಎಂದು ತಿಳಿಯಲು ಇದೇ ಸಾಧನ. ಇದಕ್ಕೆ ಜಗತ್ತೆಲ್ಲ ಬಳಸುವ ಶೀರ್ಷಿಕೆಗಳು ಯುಟಿಎಂ ಎಂಬ ಮೂರಕ್ಷರದಿಂದ ಆರಂಭವಾಗುತ್ತವೆ. ಅರ್ಚಿನ್ ಎಂಬ ಕಂಪನಿಯ ಎಣಿಕೆಯ ತಂತ್ರಾಂಶದಿಂದ ಬಂದ ಹೆಸರದು; 2005ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡುಕೊಂಡಿತು, ಹೆಸರು ಉಳಿಯಿತು. ಇಲ್ಲಿ ಶಿಸ್ತು ಬೇಕಾದದ್ದು ಕಾಗುಣಿತದಲ್ಲಿ. ಒಮ್ಮೆ ದೊಡ್ಡಕ್ಷರದಲ್ಲಿ, ಒಮ್ಮೆ ಸಣ್ಣಕ್ಷರದಲ್ಲಿ ಬರೆದರೆ ಯಂತ್ರ ಎರಡು ಬೇರೆ ಖಾತೆ ತೆರೆಯುತ್ತದೆ. ಎಲ್ಲವನ್ನೂ ಸಣ್ಣಕ್ಷರದಲ್ಲೇ ಬರೆಯುವುದೆಂದು ನಿಶ್ಚಯಿಸಿಕೊಂಡು ಒಂದು ನೋಟುಪುಸ್ತಕದಲ್ಲಿ ಪಟ್ಟಿ ಇಟ್ಟುಕೊಳ್ಳಿ.

ಮೂರನೆಯ ಜೋಡಿ, ಎಂದರೆ ಗಿರಾಕಿಯ ಗುರುತು, ಹಾಗಲ್ಲ. ನಾವು ಈ ಲೇಖನ ಬರೆಯಲು ಹೊರಟದ್ದೇ ಮುಖ್ಯವಾಗಿ ಇದರ ಸಲುವಾಗಿ.

ಲಿಂಕ್ ಒಂದೇ ಕಡೆ ಇರುವುದಿಲ್ಲ. ಅದು ಗಿರಾಕಿಯ ಬ್ರೌಸರಿನ ಚರಿತ್ರೆಯಲ್ಲಿ ಉಳಿಯುತ್ತದೆ, ದಾರಿಯಲ್ಲಿನ ಕಂಪ್ಯೂಟರುಗಳ ದಾಖಲೆಯಲ್ಲಿ ಉಳಿಯುತ್ತದೆ, ಎಣಿಕೆಯ ತಂತ್ರಾಂಶಕ್ಕೂ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಳ್ಳೆಯ ಪುಡಿ ಸಿಕ್ಕಿತೆಂದು ಗಿರಾಕಿ ಅದೇ ಲಿಂಕನ್ನು ನಲವತ್ತು ಜನರ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಾರೆ. ಅದು ನಮಗೆ ಬೇಕಾದದ್ದೇ. ಆದ್ದರಿಂದ ಲಿಂಕಿನ ಚೀಟಿಯಲ್ಲಿ ಹೆಸರು, ಫೋನ್ ನಂಬರು, ಇ-ಮೇಲ್ ವಿಳಾಸಗಳನ್ನು ಎಂದಿಗೂ ಬರೆಯತಕ್ಕದ್ದಲ್ಲ. ಕೆಲವು ಕಡೆ ‘ಪುಟದಲ್ಲಿ ಹೆಸರು ಬರಲಿ’ ಎಂದು ಹೆಸರನ್ನೇ ಲಿಂಕಿಗೆ ಸೇರಿಸುವ ಸುಲಭೋಪಾಯವನ್ನು ಹೇಳಿಕೊಡುತ್ತಾರೆ. ಸುಲಭವೇನೋ ಹೌದು. ಆದರೆ ಆ ಪುಟವನ್ನು ಗುಂಪಿನ ನಲವತ್ತು ಜನ ತೆರೆದಾಗಲೂ ‘ಸ್ವಾಗತ, ಸೀತಮ್ಮ ಅವರೇ’ ಎಂದೇ ಬರುತ್ತದೆ. ಕನ್ನಡದ ಹೆಸರಾದರೆ ಇನ್ನೊಂದು ಅವಾಂತರ: ಲಿಂಕಿನಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟುಗಳಾಗಿ, ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರಗಳಾಗುತ್ತದೆ. ‘ಸೀತಮ್ಮ’ ಎಂಬುದರಲ್ಲಿ ದೀರ್ಘ, ಒತ್ತು ಸೇರಿ ಆರು ಸಂಕೇತಗಳಿವೆ. ಲಿಂಕಿನಲ್ಲಿ ಅದು 54 ಅಕ್ಷರಗಳ ಗೋಜಲು. ನೋಡಿದವರು ವೈರಸ್ಸೆಂದು ಹೆದರುತ್ತಾರೆ.

ಸರಿ, ಹೆಸರು ಬೇಡ, ಸಂಖ್ಯೆ ಇರಲಿ ಎಂದರೆ ಅದೂ ಸಾಲದು. 4721 ಎಂದು ಕಂಡ ಕುತೂಹಲಿ ಹುಡುಗನೊಬ್ಬ ಕೊನೆಯ ಅಂಕಿಯನ್ನು 2 ಮಾಡಿ ನೋಡುತ್ತಾನೆ. ಪಕ್ಕದ ಗಿರಾಕಿಯ ಪುಟ ತೆರೆಯುತ್ತದೆ. ಹಾಗೆಯೇ ಒಂದೊಂದಾಗಿ ತೆರೆಯುತ್ತ ಹೋದರೆ ಇಡೀ ರಿಜಿಸ್ಟರು ಅವನ ಕೈಯಲ್ಲಿ. ಆದುದರಿಂದ ಗುರುತು ಸರದಿಯ ಸಂಖ್ಯೆಯಾಗಿರದೆ, ಯಂತ್ರವೇ ಗೊತ್ತುಗುರಿಯಿಲ್ಲದೆ ಹೆಕ್ಕಿದ ಹದಿನಾರಕ್ಕೆ ಕಡಿಮೆಯಿಲ್ಲದ ಅಕ್ಷರಗಳ ಸರವಾಗಿರಬೇಕು. ಕೆಲವು ವಾರಗಳಾದ ಮೇಲೆ ಅದು ನಿರರ್ಥಕವಾಗುವಂತಿರಬೇಕು. ವೆಬ್‌ಸೈಟ್ ಮಾಡಿಕೊಡುವವರನ್ನು ಈ ಎರಡು ಮಾತು ಕೇಳಿ. ‘ಅದೆಲ್ಲ ಏನೂ ಆಗುವುದಿಲ್ಲ ಸಾರ್’ ಎಂದರೆ ಬೇರೆಯವರನ್ನು ನೋಡಿಕೊಳ್ಳಿ.

ಇಷ್ಟಾದ ಮೇಲೂ ಪುಟದಲ್ಲಿ ಏನು ತೋರಿಸಬೇಕೆಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ಉತ್ತರ ಒಂದೇ: ಅಪರಿಚಿತನ ಕಣ್ಣಿಗೆ ಬಿದ್ದರೂ ಗಿರಾಕಿಗೆ ಕೇಡಾಗದಂಥದ್ದನ್ನು ಮಾತ್ರ. ಅರ್ಧ ಕಿಲೋ ಪುಡಿ, ಫಿಲ್ಟರಿನ ಹದ, ಚಿಕೋರಿ ಬೇಡ, ಇಷ್ಟು ತೋರಿಸಿದರೆ ಅಡ್ಡಿಯಿಲ್ಲ. ಮನೆಯ ವಿಳಾಸ, ಫೋನ್ ನಂಬರು, ಹಿಂದಿನ ಬಿಲ್ಲುಗಳು ಬೇಕಾದರೆ ಫೋನಿಗೆ ಬರುವ ಓಟಿಪಿ ಹಾಕಿದ ಮೇಲೆಯೇ ತೆರೆಯಬೇಕು. ಅದರಲ್ಲೂ ಷರಾ ಕಂಬಸಾಲನ್ನು ಎಚ್ಚರದಿಂದ ನೋಡಿಕೊಳ್ಳಿ. ಗಿರಾಕಿಗಳು ನಮ್ಮನ್ನು ನೆಂಟರೆಂದು ನಂಬಿ ಏನೇನನ್ನೋ ಹೇಳುತ್ತಾರೆ: ‘ಮುಂದಿನ ತಿಂಗಳು 10ರವರೆಗೆ ಊರಲ್ಲಿರುವುದಿಲ್ಲ, ಕಳುಹಿಸಬೇಡಿ’, ‘ಮನೆಯಲ್ಲಿ ಒಬ್ಬಳೇ ಇರುವುದು, ಕೊರಿಯರಿನವನು ಫೋನ್ ಮಾಡಿ ಬರಲಿ’, ‘ಯಜಮಾನರಿಗೆ ಡಾಕ್ಟರು ಕಾಫಿ ಬೇಡವೆಂದಿದ್ದಾರೆ’. ವಿಳಾಸದ ಪಕ್ಕದಲ್ಲಿ ಇಂಥ ಒಂದು ಸಾಲು ಪುಟದಲ್ಲಿ ಕಾಣಿಸಿಕೊಂಡರೆ ಕಳ್ಳನಿಗೆ ಕರೆಯೋಲೆ ಬರೆದಂತೆ. ಸಂಘದಲ್ಲಿ ಒಬ್ಬ ಸದಸ್ಯರ ಸಾಲದ ಖಾತೆಯನ್ನು ಪಕ್ಕದ ತೋಟದವರು ಕೇಳಿದರೆ ನಾವು ತೋರಿಸುವುದಿಲ್ಲ. ಗಿರಾಕಿಯ ಖಾತೆಗೂ ಅದೇ ಮರ್ಯಾದೆ ಸಲ್ಲಬೇಕು.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿಯದು. ದೊಡ್ಡ ಆಫೀಸುಗಳ ಇ-ಮೇಲ್ ವ್ಯವಸ್ಥೆಯಲ್ಲಿ, ಬಂದ ಪತ್ರದ ಲಿಂಕುಗಳನ್ನು ಕಾವಲು ತಂತ್ರಾಂಶವೇ ಮೊದಲು ಒತ್ತಿ ಪರೀಕ್ಷಿಸುವುದುಂಟು. ‘ಇದನ್ನು ಒತ್ತಿದರೆ ಆರ್ಡರ್ ಆಯಿತು’ ಎಂಬ ಲಿಂಕನ್ನು ಕಳುಹಿಸಿದರೆ ಗಿರಾಕಿ ಪತ್ರ ಓದುವ ಮೊದಲೇ ಆರ್ಡರ್ ಬಿದ್ದಿರುತ್ತದೆ! ಲಿಂಕಿನ ಕೆಲಸ ಪುಟ ತೆರೆಯುವುದಷ್ಟೆ. ಆರ್ಡರನ್ನು ಖಚಿತಪಡಿಸಲು ಪುಟದಲ್ಲಿ ಬೇರೆ ಗುಂಡಿ ಇರಬೇಕು. ಲಿಂಕನ್ನು ಗಿಡ್ಡ ಮಾಡಿಕೊಡುವ ಸೇವೆಗಳನ್ನೂ ನಾವು ಮೆಚ್ಚುವುದಿಲ್ಲ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎಂದು ಬ್ಯಾಂಕಿನವರು ಎಲ್ಲರಿಗೂ ಹೇಳುತ್ತಿರುವ ಕಾಲದಲ್ಲಿ, ನಮ್ಮ ತೋಟದ ಹೆಸರು ಲಿಂಕಿನಲ್ಲಿ ಕಣ್ಣಿಗೆ ಕಾಣುವಂತಿರಬೇಕು.

ವೆಬ್‌ಸೈಟ್ ಇಲ್ಲದವರಿಗೆ

ಐವತ್ತು ಅರವತ್ತು ಗಿರಾಕಿಗಳಿರುವವರು ಇಷ್ಟೆಲ್ಲ ಏರ್ಪಾಟು ಮಾಡಿಕೊಳ್ಳಬೇಕಾಗಿಲ್ಲ. ಅವರಿಗೆ ಒಂದು ಹಳೆಯ, ಖರ್ಚಿಲ್ಲದ ಉಪಾಯವಿದೆ. ಮೇಲ್‌ಟು ಎಂಬ ಲಿಂಕ್. ಇದನ್ನು ಒತ್ತಿದರೆ ಯಾವ ಪುಟವೂ ತೆರೆಯುವುದಿಲ್ಲ. ಗಿರಾಕಿಯ ಇ-ಮೇಲ್ ತೆರೆದು, ನಮ್ಮ ವಿಳಾಸ, ವಿಷಯ, ಒಕ್ಕಣೆ ಎಲ್ಲ ತುಂಬಿದ ಪತ್ರವೊಂದು ಸಿದ್ಧವಾಗಿ ನಿಲ್ಲುತ್ತದೆ. ‘ಕಳೆದ ಸಲದಂತೆ ಅರ್ಧ ಕಿಲೋ, 80-20, ಅದೇ ವಿಳಾಸಕ್ಕೆ’ ಎಂದು ನಾವೇ ಬರೆದಿಟ್ಟಿರುತ್ತೇವೆ. ಗಿರಾಕಿ ಬೇಕಿದ್ದರೆ ಅರ್ಧವನ್ನು ಒಂದು ಮಾಡಿ, ಕಳುಹಿಸುವ ಗುಂಡಿ ಒತ್ತುತ್ತಾರೆ. ಇದರ ಕ್ರಮವನ್ನು 1998ರಲ್ಲೇ ಪ್ರತ್ಯೇಕವಾಗಿ ಗೊತ್ತುಪಡಿಸಲಾಗಿದೆ, 2010ರಲ್ಲಿ ಪರಿಷ್ಕರಿಸಲಾಗಿದೆ. ವಾಟ್ಸ್ಯಾಪಿಗೂ ಇದೇ ರೀತಿಯ, ಒಕ್ಕಣೆ ತುಂಬಿದ ಲಿಂಕ್ ಮಾಡಬಹುದು, ನಮ್ಮ ಕಡೆ ಅದೇ ಹೆಚ್ಚು ನಡೆಯುತ್ತದೆ.

ಇದರ ಗುಣವೇನೆಂದರೆ, ಆರ್ಡರು ಗಿರಾಕಿಯ ಸ್ವಂತ ವಿಳಾಸದಿಂದ ಬರುವುದರಿಂದ ಯಾರೆಂದು ತಿಳಿಯಲು ಗುಪ್ತ ಗುರುತಿನ ಅಗತ್ಯವೇ ಇಲ್ಲ. ‘ಅದೇ ವಿಳಾಸಕ್ಕೆ’ ಎಂದರೆ ಸಾಕು, ವಿಳಾಸ ನಮ್ಮ ರಿಜಿಸ್ಟರಿನಲ್ಲೇ ಇರುತ್ತದೆ. ಒಕ್ಕಣೆಯನ್ನು ಚಿಕ್ಕದಾಗಿ ಇಡಿ. ಮೇಲೆ ಹೇಳಿದ ಲೆಕ್ಕದಂತೆ ‘ಕಾಫಿ’ ಎಂಬ ಎರಡಕ್ಷರವೇ ಲಿಂಕಿನಲ್ಲಿ 36 ಅಕ್ಷರವಾಗುತ್ತದೆ. ಉದ್ದದ ಕನ್ನಡ ಒಕ್ಕಣೆ ಕೆಲವು ಫೋನುಗಳಲ್ಲಿ ನಡುವೆಯೇ ತುಂಡಾಗಬಹುದು.

ಯಾರಿಗೆ ಏನು, ಯಾವಾಗ

ಹೆಸರು ಬರೆದ ಮಾತ್ರಕ್ಕೆ ಪತ್ರ ಗಿರಾಕಿಯದಾಗುವುದಿಲ್ಲ. ಅವರಿಗೆ ಬೇಡದ ಸರಕನ್ನು ಹೆಸರು ಹಿಡಿದು ಮಾರುವುದಕ್ಕಿಂತ, ಹೆಸರೇ ಇಲ್ಲದೆ ಬೇಕಾದ್ದನ್ನು ಬೇಕಾದ ದಿನ ಕೇಳುವುದು ಮೇಲು. ಕಾಫಿಪುಡಿಯಲ್ಲಿ ಇದರ ಲೆಕ್ಕ ಬಹಳ ಸ್ಪಷ್ಟವಾಗಿ ಸಿಗುತ್ತದೆ. ದಿನಕ್ಕೆ 25 ಗ್ರಾಂ ಪುಡಿ ಬಳಸುವ ಮನೆಗೆ ಅರ್ಧ ಕಿಲೋ 20 ದಿನ ಬರುತ್ತದೆ. ಹುರಿಯುವುದಕ್ಕೆ ಒಂದು ದಿನ, ಕೊರಿಯರಿಗೆ ನಾಲ್ಕು ದಿನವೆಂದು ಬಿಟ್ಟರೂ 14ನೆಯ ದಿನ ಅವರಿಗೆ ಪತ್ರ ತಲುಪಬೇಕು. ದಿನಕ್ಕೆ 10 ಗ್ರಾಂ ಬಳಸುವ ಒಂಟಿ ಮನೆಯಲ್ಲಿ ಕಾಲು ಕಿಲೋ 25 ದಿನ ಬರುತ್ತದೆ. ಅವರಿಗೆ 14ನೆಯ ದಿನವೇ ಬರೆದರೆ ಪೀಡೆ, 30ನೆಯ ದಿನ ಬರೆದರೆ ಅವರು ಆಗಲೇ ಪಕ್ಕದ ಅಂಗಡಿಯಿಂದ ತಂದಾಗಿರುತ್ತದೆ. ಹುರಿದು ಪುಡಿ ಮಾಡಿದ ಕಾಫಿಯ ಸುವಾಸನೆ ಗಾಳಿ ತಗುಲಿದಷ್ಟೂ ಬೇಗ ಹೋಗುವುದರಿಂದ, ಹೆಚ್ಚು ಕೊಂಡು ಇಟ್ಟುಕೊಳ್ಳಿ ಎನ್ನುವುದಕ್ಕಿಂತ ಸರಿಯಾದ ದಿನ ನೆನಪಿಸುವುದು ಇಬ್ಬರಿಗೂ ಲಾಭ.

ಈ ಲೆಕ್ಕಕ್ಕೆ ಗಿರಾಕಿಯ ಬೆನ್ನು ಹತ್ತಬೇಕಾಗಿಲ್ಲ. ಮೊದಲ ಆರ್ಡರಿನಲ್ಲೇ ಕೇಳಿಬಿಡಿ: ಫಿಲ್ಟರೋ, ಪರ್ಕೋಲೇಟರೋ, ಯಂತ್ರವೋ? ಚಿಕೋರಿ ಬೇಕೇ, ಎಷ್ಟು? ಈ ಪೊಟ್ಟಣ ಎಷ್ಟು ದಿನ ಬರುತ್ತದೆ? ಕೇಳಿದರೆ ಜನ ಸಂತೋಷದಿಂದ ಹೇಳುತ್ತಾರೆ. ಹೇಳಿದ್ದನ್ನು ನೆನಪಿಟ್ಟುಕೊಂಡವನನ್ನು ಮೆಚ್ಚುತ್ತಾರೆ. ಹೇಳದೇ ಇದ್ದದ್ದನ್ನು ತಿಳಿದುಕೊಂಡು ಬಂದವನ ಬಗ್ಗೆ ಅನುಮಾನ ಪಡುತ್ತಾರೆ. ‘ನೀವು ನಿನ್ನೆ ರಾತ್ರಿ ನಮ್ಮ ಪೀಬೆರಿ ಪುಟವನ್ನು ಮೂರು ಸಲ ನೋಡಿದಿರಿ’ ಎಂದು ಬರೆಯುವುದು ಕಿಟಕಿಯಲ್ಲಿ ಇಣುಕಿದಂತೆ. ವೆಬ್‌ಸೈಟಿಗೆ ಈ ನೆನಪಿನ ಶಕ್ತಿ ಬಂದದ್ದು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಎಂಬ ಎಂಜಿನಿಯರು ರೂಪಿಸಿದ ಕುಕಿ ಎಂಬ ಚೀಟಿಯಿಂದ. ಅದರಿಂದ ಏನೇನು ತಿಳಿಯಬಹುದೋ ಅದನ್ನೆಲ್ಲ ಬಾಯಿ ಬಿಟ್ಟು ಹೇಳಬೇಕೆಂಬ ನಿಯಮವೇನೂ ಇಲ್ಲ.

ಪುಟದಲ್ಲಿ ಬದಲಾಗಬಹುದಾದದ್ದು ಪುಡಿಯ ಹದ, ಪೊಟ್ಟಣದ ಗಾತ್ರ, ಆ ಊರಿಗೆ ತಗಲುವ ಕೊರಿಯರ್ ವೆಚ್ಚ, ಭಾಷೆ. ಬದಲಾಗಬಾರದ್ದು ಬೆಲೆ. ಒಂದೇ ಪುಡಿಗೆ ಹಳೆಯ ಗಿರಾಕಿಗೆ ಒಂದು ದರ, ಹೊಸಬರಿಗೆ ಇನ್ನೊಂದು ದರ ತೋರಿಸುವುದು ಯಂತ್ರಕ್ಕೆ ಕಷ್ಟವಲ್ಲ. ಅಮೆಜಾನ್ ಕಂಪನಿ 2000ನೇ ಇಸವಿಯಲ್ಲಿ ಒಂದೇ ಡಿವಿಡಿಯನ್ನು ಬೇರೆ ಬೇರೆ ಜನಕ್ಕೆ ಬೇರೆ ಬೇರೆ ದರಕ್ಕೆ ಮಾರಿದ್ದು ಬಯಲಾಗಿ, ಅದು ಬರಿಯ ಪ್ರಯೋಗವಾಗಿತ್ತೆಂದು ಸಮಜಾಯಿಷಿ ಹೇಳಿ, ಹೆಚ್ಚು ಕೊಟ್ಟವರಿಗೆ ಹಣ ಹಿಂದಿರುಗಿಸಬೇಕಾಯಿತು. ಅಷ್ಟು ದೊಡ್ಡ ಕಂಪನಿ ತಡೆದುಕೊಂಡಿತು. ಬಸವನಗುಡಿಯ ಅಕ್ಕ ಮಲ್ಲೇಶ್ವರದ ತಂಗಿಗೆ ದರ ಕೇಳಿದ ದಿನ ನಮ್ಮ ವ್ಯಾಪಾರ ನಿಲ್ಲುತ್ತದೆ. ಹಳಬರಿಗೆ ರಿಯಾಯಿತಿ ಕೊಡುವುದಿದ್ದರೆ ಎಲ್ಲರಿಗೂ ಕಾಣುವಂತೆ ಬರೆದು ಕೊಡಿ.

ಅಡಿಕೆ ಬೆಳೆಗಾರರಿಗೂ ಒಂದು ಮಾತು. ರಾಶಿ, ಬೆಟ್ಟೆ, ಚಾಲಿಗಳು ಮಂಡಿಯ ಸರಕು. ಅಲ್ಲಿ ಮನೆಮನೆಯ ಪತ್ರಕ್ಕೆ ಅವಕಾಶವಿಲ್ಲ. ಹಾಳೆತಟ್ಟೆ ಮಾಡುವವರಿಗೆ ಇದೆ, ಆದರೆ ಕ್ರಮ ಬೇರೆ. ಮಗಳ ಮದುವೆಗೆ 500 ತಟ್ಟೆ ಕೊಂಡ ಮನೆಗೆ ಮುಂದಿನ ತಿಂಗಳು ‘ತಟ್ಟೆ ಮುಗಿಯಿತೇ?’ ಎಂದು ಬರೆಯುವುದು ನಗೆಪಾಟಲು. ಅಡುಗೆ ಗುತ್ತಿಗೆದಾರರನ್ನು ಪಟ್ಟಿಯಲ್ಲಿ ಬೇರೆ ಮಾಡಿ, ಲಗ್ನದ ತಿಂಗಳುಗಳಿಗೆ ಮುಂಚೆ ಗಾತ್ರ ಮತ್ತು ದಾಸ್ತಾನು ತಿಳಿಸಿ ಬರೆಯುವುದು ಲೇಸು.

ಎಣಿಕೆ ಮತ್ತು ಅನುಮತಿ

ಪತ್ರವನ್ನು ಎಷ್ಟು ಜನ ತೆರೆದರೆಂಬ ಅಂಕಿಯನ್ನು ತಂತ್ರಾಂಶಗಳು ಬಹಳ ಹೆಮ್ಮೆಯಿಂದ ತೋರಿಸುತ್ತವೆ. ಅದನ್ನು ನೆಚ್ಚಬೇಡಿ. 2021ರಿಂದ ಆ್ಯಪಲ್ ಕಂಪನಿಯ ಮೇಲ್ ವ್ಯವಸ್ಥೆ ಓದುಗನ ಗೌಪ್ಯಕ್ಕಾಗಿ ಪತ್ರದ ಚಿತ್ರಗಳನ್ನು ತಾನೇ ಮುಂಚಿತವಾಗಿ ತರಿಸಿಕೊಳ್ಳುವುದರಿಂದ, ತೆರೆಯದ ಪತ್ರವೂ ತೆರೆದಂತೆ ಕಾಣುತ್ತದೆ. ಲೆಕ್ಕ ಹಿಡಿಯಬೇಕಾದದ್ದು ಆರ್ಡರುಗಳನ್ನು. ಉದಾಹರಣೆಗೆ, ಹೆಸರಿದ್ದ 150 ಪತ್ರಗಳಿಂದ 9 ಆರ್ಡರು, ಹೆಸರಿಲ್ಲದ 150ರಿಂದ 7 ಬಂದವೆಂದುಕೊಳ್ಳಿ. ಹೆಸರು ಗೆದ್ದಿತೆಂದು ಹೇಳುವಂತಿಲ್ಲ. ಎರಡು ಗಿಡಕ್ಕೆ ಹೊಸ ಗೊಬ್ಬರ ಹಾಕಿ ಇಡೀ ತೋಟದ ಇಳುವರಿ ಹೇಳಿದಂತಾಗುತ್ತದೆ. ಇದೇ ವ್ಯತ್ಯಾಸ ಐದಾರು ಪತ್ರಗಳಲ್ಲಿ ಮತ್ತೆ ಮತ್ತೆ ಕಂಡರೆ ಆಗ ನಂಬಬಹುದು.

ಕಾನೂನಿನ ವಿಚಾರಕ್ಕೆ ಬಂದರೆ, 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅಂಗೀಕಾರವಾಗಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಇದರ ಸಾರವನ್ನು ಈಗಲೇ ರೂಢಿಸಿಕೊಳ್ಳುವುದು ಒಳ್ಳೆಯದು. ಯಾವ ಕೆಲಸಕ್ಕೆಂದು ಹೇಳಿ ಮಾಹಿತಿ ಪಡೆದೆವೋ ಆ ಕೆಲಸಕ್ಕೆ ಮಾತ್ರ ಬಳಸಬೇಕು. ಕೊರಿಯರ್ ಚೀಟಿಗೆಂದು ಪಡೆದ ಫೋನ್ ನಂಬರಿಗೆ ಜಾಹೀರಾತು ಕಳುಹಿಸಲು ಅನುಮತಿ ಸಿಕ್ಕಿದೆಯೆಂದು ಭಾವಿಸತಕ್ಕದ್ದಲ್ಲ. ಪೊಟ್ಟಣದ ಒಳಗೆ ಒಂದು ಚಿಕ್ಕ ಕಾರ್ಡು ಇಡಿ: ‘ಪುಡಿ ಮುಗಿಯುವ ಹೊತ್ತಿಗೆ ನೆನಪಿಸಬೇಕೆ? ತೋಟದ ಸುದ್ದಿ ಬರೆಯಬಹುದೆ?’ ಎಂದು ಎರಡು ಬೇರೆ ಚೌಕಗಳು. ಗುರುತು ಹಾಕುವುದನ್ನು ಅವರಿಗೇ ಬಿಡಿ, ನಾವೇ ಹಾಕಿಟ್ಟು ಕಳುಹಿಸುವುದು ಬೇಡ. ಒಪ್ಪಿದ ತಾರೀಖನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಿ. ಸಂಘದ ಸದಸ್ಯರು ತಮ್ಮ ತಮ್ಮಲ್ಲೇ ಪಟ್ಟಿ ವಿನಿಮಯ ಮಾಡಿಕೊಳ್ಳುವುದೂ ಕೂಡದು. ಗಿರಾಕಿ ನಂಬಿದ್ದು ಒಬ್ಬರನ್ನು, ಇಡೀ ತಾಲ್ಲೂಕನ್ನಲ್ಲ.

ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನಕ್ಕಿಂತ ಹೆಚ್ಚಿನವರಿಗೆ ಕಳುಹಿಸಲು ಬಿಡುವುದಿಲ್ಲ. ಕಳುಹಿಸುವಾಗ ಎಲ್ಲರ ವಿಳಾಸವನ್ನೂ ಎಲ್ಲರಿಗೂ ಕಾಣುವ ಸಾಲಿನಲ್ಲಿ ತುಂಬುವ ಪದ್ಧತಿಯನ್ನು ಇಂದೇ ಬಿಡಬೇಕು; ಅದು ರಿಜಿಸ್ಟರನ್ನು ನೋಟೀಸು ಬೋರ್ಡಿಗೆ ಅಂಟಿಸಿದಂತೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಕಂಪನಿಗಳು ರಾಶಿ ಪತ್ರ ಕಳುಹಿಸುವವರಿಗೆ ನಿಯಮ ಬಿಗಿ ಮಾಡಿ, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಹೋಗುವ ಸೌಕರ್ಯವಿರಬೇಕೆಂದಿವೆ. ಜಿಮೇಲಿನಲ್ಲಿ ಇದು ದಿನಕ್ಕೆ 5000 ಪತ್ರ ಮುಟ್ಟಿದವರಿಗೆ ಅನ್ವಯಿಸುವ ನಿಯಮವಾದರೂ, ‘ಬೇಡ’ ಎನ್ನುವ ಲಿಂಕ್ ನಮ್ಮ ಪತ್ರದ ಕೆಳಗೂ ಇರಲಿ. ಅದನ್ನು ಹುಡುಕಿ ಸಿಗದ ಗಿರಾಕಿ ‘ಸ್ಪ್ಯಾಮ್’ ಎಂಬ ಗುಂಡಿ ಒತ್ತುತ್ತಾರೆ, ಹಾಗೆ ಕೆಲವರು ಒತ್ತಿದರೆ ಬೇಕೆಂದವರಿಗೂ ನಮ್ಮ ಪತ್ರ ತಲುಪದಂತಾಗುತ್ತದೆ.

ಬೇಡವೆಂದವರ ಹೆಸರನ್ನು ಎಕ್ಸೆಲ್ ಹಾಳೆಯಿಂದ ಅಳಿಸಿಬಿಟ್ಟರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಕಳೆದ ವರ್ಷದ ಹಾಳೆಯ ನಕಲೊಂದು ಮಗಳ ಲ್ಯಾಪ್‌ಟಾಪಿನಲ್ಲಿರುತ್ತದೆ, ಇನ್ನೊಂದು ಪ್ಯಾಕಿಂಗ್ ಮಾಡುವವರ ಫೋನಿನಲ್ಲಿರುತ್ತದೆ. ಮುಂದಿನ ಸುಗ್ಗಿಯಲ್ಲಿ ಅದರಿಂದಲೇ ಪತ್ರ ಹೋಗಿ, ಒಮ್ಮೆ ಬೇಡವೆಂದವರಿಗೆ ಮತ್ತೆ ತಲುಪುತ್ತದೆ. ಆದ್ದರಿಂದ ಬೇಡವೆಂದವರ ಇ-ಮೇಲ್ ವಿಳಾಸಗಳನ್ನಷ್ಟೇ, ಬೇರೇನೂ ಇಲ್ಲದೆ, ಪ್ರತ್ಯೇಕ ಹಾಳೆಯಲ್ಲಿ ಬರೆದಿಡಿ. ಪ್ರತಿ ಸಲ ಕಳುಹಿಸುವ ಮುಂಚೆ ಆ ಹಾಳೆಯನ್ನು ಪಟ್ಟಿಗೆ ತಾಳೆ ನೋಡಿ, ಅದರಲ್ಲಿರುವವರನ್ನು ತೆಗೆದು, ಆಮೇಲೆ ಕಳುಹಿಸಿ. ನಿಧನರಾದವರ ವಿಳಾಸವನ್ನೂ, ಸುದ್ದಿ ತಿಳಿದ ದಿನವೇ, ಅದೇ ಹಾಳೆಗೆ ಸೇರಿಸತಕ್ಕದ್ದು.